ರಾತ್ರಿಯ ದೀಪದ ಮೆರವಣಿಗೆ: ಖೋಪೋಲಿಯ ಪಾರ್ಕಾ, ಪುಣೆಯ ಗಣಪತಿಯಾ, ಗೋವಾದ ಹೊಳೆಯಾ?

ರಜೆ ಹತ್ತಿರ ಬಂತು ಅಂದರೆ ಧಾರವಾಡದಿಂದ ಅಕ್ಕನ ಫೋನ್ ಬರುತ್ತದೆ. "ತಮ್ಮಾ, ಹುಡುಗಗ ಆ ಲೈಟಿನ ಪರೇಡ್ ತೋರಿಸ್ಬೇಕು. ಅವ್ವನೂ ಬರ್ತಾಳ. ಯಾವ್ದು ಛಲೋ ಐತಿ ಹೇಳು."

ಅವಳ ಮಗನಿಗೆ ಆರು ವರ್ಷ. ಅವ್ವನಿಗೆ ಎಪ್ಪತ್ತೆರಡು, ಮೊಣಕಾಲು ನೋವು ಬೇರೆ. ಮುಂದೆ ಯಾರಾದರೂ ನಿಂತರೆ ಹುಡುಗನಿಗೆ ಏನೂ ಕಾಣುವುದಿಲ್ಲ. ಅವ್ವನಿಗೆ ಅರ್ಧ ಗಂಟೆಗಿಂತ ಜಾಸ್ತಿ ನಿಲ್ಲಲು ಆಗುವುದಿಲ್ಲ. ಅಕ್ಕ ಒಬ್ಬಳೇ ಅಲ್ಲ. ಪುಣೆಯ ನನ್ನ ಕನ್ನಡದ ಗೆಳೆಯರು, ಡೊಂಬಿವಲಿಯ ಸಂಬಂಧಿಕರು, ವಾಸ್ಕೋದಲ್ಲಿರುವ ಕಾಕಾನ ಮಗ, ಎಲ್ಲರ ಮನೆಯಲ್ಲೂ ಇದೇ ಲೆಕ್ಕ. ಒಂದು ಚಿಕ್ಕ ಮಗು, ಒಬ್ಬರು ವಯಸ್ಸಾದವರು, ಒಂದೇ ಒಂದು ರಾತ್ರಿ. ಹಾಗಾಗಿ ನಾನು ನೋಡಿದ್ದನ್ನು, ಅಲ್ಲಲ್ಲಿ ಕಲಿತಿದ್ದನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ.

ನಮ್ಮ ಕಡೆಯವರ ಮನಸ್ಸಿನಲ್ಲಿ ಮೈಸೂರಿನ ಪಂಜಿನ ಕವಾಯತು ಇರುತ್ತದೆ. ಬನ್ನಿಮಂಟಪದ ಮೈದಾನ, ಕೂರಲು ಜಾಗ, ಮೈದಾನದ ದೀಪ ಆರಿದಾಗ ಕತ್ತಲಲ್ಲಿ ಬರೀ ಪಂಜುಗಳು. ಅಲ್ಲಿ ಅಷ್ಟು ಚೆನ್ನಾಗಿ ಕಾಣುವುದಕ್ಕೆ ಪಂಜಿನಷ್ಟೇ ಸುತ್ತಲಿನ ಕತ್ತಲೂ ಕಾರಣ. ಇದನ್ನು ನಾನು ತಡವಾಗಿ ಅರ್ಥಮಾಡಿಕೊಂಡೆ. ದೀಪದ ಮೆರವಣಿಗೆ ಆರಿಸುವಾಗ ಎಷ್ಟು ಲಕ್ಷ ಬಲ್ಬು ಅಂತ ಕೇಳಬೇಡಿ. ಸುತ್ತ ಎಷ್ಟು ಕತ್ತಲಿರುತ್ತದೆ, ಎಲ್ಲಿ ಕೂರಬಹುದು, ಮುಗಿದ ಮೇಲೆ ಮನೆಗೆ ಹೇಗೆ ಬರುವುದು, ಇಷ್ಟು ಕೇಳಿ.

ಮೊದಲು ಥೀಮ್ ಪಾರ್ಕಿನ ವಿಷಯ. ಮಕ್ಕಳು ಕೇಳುವುದು ಅದನ್ನೇ ಅಲ್ವಾ.

ಮುಂಬೈನ ಹಳಬರಿಗೆ ಪಾರ್ಕ್ ಅಂದರೆ ಗೊರಾಯಿಯ ಎಸ್ಸೆಲ್ ವರ್ಲ್ಡ್. ಅದು 2022ರಲ್ಲಿ ಮುಚ್ಚಿತು. ಈಗ ಈ ಭಾಗದಲ್ಲಿ ದೊಡ್ಡ ಪಾರ್ಕ್ ಅಂದರೆ ಖೋಪೋಲಿ ಹತ್ತಿರದ ಇಮ್ಯಾಜಿಕಾ. 2013ರಲ್ಲಿ ತೆರೆದದ್ದು. ಮುಂಬೈಗೂ ಪುಣೆಗೂ ನಡುವೆ, ಎಕ್ಸ್‌ಪ್ರೆಸ್ ವೇಯಿಂದ ಇಳಿದು ಪಾಲಿ ಕಡೆಯ ರಸ್ತೆ ಹಿಡಿದರೆ ಸಿಗುತ್ತದೆ. ಹಗಲೆಲ್ಲ ಆಟ, ಸಂಜೆ ಕೊನೆಗೆ ಪರೇಡ್. ಕುಣಿಯುವವರು, ಬಣ್ಣದ ದೀಪ ಹಚ್ಚಿದ ಬಂಡಿಗಳು, ಪಾರ್ಕಿನದೇ ಗೊಂಬೆ ಪಾತ್ರಗಳು. ಟಬ್ಬಿ ಅನ್ನುವ ಆನೆಯೂ ಅವುಗಳಲ್ಲಿ ಒಂದು. ಅಕ್ಕನ ಮಗ ಈಗಾಗಲೇ ಅದರ ಅಭಿಮಾನಿ.

ಇಲ್ಲಿನ ದೊಡ್ಡ ಅನುಕೂಲ ಏನೆಂದರೆ ಹಬ್ಬಕ್ಕಾಗಿ ಕಾಯಬೇಕಿಲ್ಲ. ನಿಮ್ಮ ರಜೆ ಯಾವಾಗಲೋ ಆವಾಗ ಹೋಗಬಹುದು. ಶೌಚಾಲಯ ಹತ್ತಿರ, ಕುಡಿಯುವ ನೀರು ಹತ್ತಿರ, ದಾರಿ ಸಮತಟ್ಟು. ಮೆರವಣಿಗೆ ಚಿಕ್ಕದು. ಅದನ್ನು ಕೆಲವರು ಕೊರತೆ ಅನ್ನುತ್ತಾರೆ. ಆರು ವರ್ಷದ ಹುಡುಗನಿಗೆ, ದಿನವಿಡೀ ಓಡಾಡಿ ಸುಸ್ತಾದ ಮೇಲೆ, ಚಿಕ್ಕದೇ ಸರಿ ಅಂತ ನನ್ನ ಅನಿಸಿಕೆ. ಬಂಡಿಗಳು ಕೈಗೆಟಕುವಷ್ಟು ಹತ್ತಿರ ಹೋಗುತ್ತವೆ. ಕುಣಿಯುವವರು ಮಕ್ಕಳ ಕಡೆ ನೋಡಿ ಕೈ ಬೀಸುತ್ತಾರೆ. ಆ ಒಂದು ಕೈ ಬೀಸುವಿಕೆಯನ್ನು ಮಗು ವಾರಗಟ್ಟಲೆ ಹೇಳಿಕೊಂಡು ತಿರುಗುತ್ತದೆ.

ಆದರೆ ಯಾವ ತಿಂಗಳಲ್ಲಿ ಹೋಗುತ್ತೀರಿ ಅನ್ನುವುದು ತುಂಬಾ ಮುಖ್ಯ. ಈ ಭಾಗದಲ್ಲಿ ಡಿಸೆಂಬರ್‌ನಲ್ಲಿ ಸಂಜೆ 6ರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಜೂನ್ ಕೊನೆಗೆ 7 ಗಂಟೆ ದಾಟಿ ಹದಿನೈದು ನಿಮಿಷ ಆಗಿರುತ್ತದೆ. ಮುಳುಗಿದ ಮೇಲೂ ಆಕಾಶ ಪೂರ್ತಿ ಕಪ್ಪಾಗಲು ಇನ್ನೂ ಅರ್ಧ ಗಂಟೆಗಿಂತ ಜಾಸ್ತಿ ಬೇಕು. ಪಾರ್ಕಿನ ಪರೇಡ್ ಸಂಜೆ ಮುಚ್ಚುವ ಹೊತ್ತಿನ ಆಸುಪಾಸಿನಲ್ಲಿ ಇರುತ್ತದೆ. ಅಂದರೆ ಅದೇ ಹೊತ್ತಿಗೆ ಹೊರಡುವ ಪರೇಡ್ ಡಿಸೆಂಬರ್‌ನಲ್ಲಿ ಕತ್ತಲಲ್ಲಿ ಹೊಳೆಯುತ್ತದೆ, ಮೇ ತಿಂಗಳಲ್ಲಿ ಮುಸ್ಸಂಜೆಯಲ್ಲಿ ಮಂಕಾಗಿ ಕಾಣುತ್ತದೆ. ಬೇಸಿಗೆ ರಜೆಯಲ್ಲಿ ಹೋಗಿ "ಏನಪ್ಪಾ, ಇಷ್ಟೇನಾ" ಅಂದವರನ್ನು ನಾನು ಬಲ್ಲೆ. ಅವರಿಗೆ ಕತ್ತಲೇ ಸಿಕ್ಕಿರಲಿಲ್ಲ. ಮಳೆಗಾಲವೂ ಬೇಡ. ಖೋಪೋಲಿ ಸಹ್ಯಾದ್ರಿಯ ಬುಡದಲ್ಲಿದೆ. ಅಲ್ಲಿ ಜುಲೈ ಮಳೆ ಅಂದರೆ ನಮ್ಮ ಆಗುಂಬೆ ಕಡೆಯವರಿಗೂ ಗೊತ್ತಾಗುವಂಥದ್ದು. ನವೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ, ಅದೂ ವಾರದ ನಡುವಿನ ದಿನ ಸಿಕ್ಕರೆ, ಅದೇ ಒಳ್ಳೆಯ ಕಾಲ. ಟಿಕೆಟ್ ತೆಗೆಯುವ ಮೊದಲು ಫೋನ್ ಮಾಡಿ, ಆ ದಿನ ಪರೇಡ್ ಇದೆಯಾ, ಎಷ್ಟು ಗಂಟೆಗೆ ಅಂತ ಕೇಳಿ. ವೀಲ್‌ಚೇರ್ ಬೇಕಿದ್ದರೆ ಅದನ್ನೂ ಆಗಲೇ ಹೇಳಿಬಿಡಿ. ಒಳಗೆ ಹೋದ ಮೇಲೆ ಪರೇಡ್ ಯಾವ ದಾರಿಯಲ್ಲಿ ಹಾಯುತ್ತದೆ ಅಂತ ಗೇಟಿನ ಹತ್ತಿರವೇ ಇನ್ನೊಮ್ಮೆ ವಿಚಾರಿಸಿ.

ಎಲ್ಲಿ ನಿಲ್ಲಬೇಕು? ಇದರಲ್ಲೇ ಅರ್ಧ ಗೆಲುವು ಇದೆ. ದಾರಿ ನೇರವಾಗಿರುವ ಕಡೆ ನಿಂತರೆ ಬಂಡಿಗಳ ಪಕ್ಕ ಮಾತ್ರ ಕಾಣುತ್ತದೆ, ಕ್ಷಣದಲ್ಲಿ ದಾಟಿ ಹೋಗುತ್ತವೆ. ದಾರಿ ತಿರುಗುವ ಕಡೆ, ತಿರುವಿನ ಹೊರಬದಿಗೆ ನಿಲ್ಲಿ. ಅಲ್ಲಿ ಬಂಡಿ ದೂರದಿಂದ ನಿಮ್ಮ ಕಡೆಗೇ ಮುಖ ಮಾಡಿ ಬರುತ್ತದೆ, ಹತ್ತಿರ ಬಂದು ತಿರುಗುತ್ತದೆ, ಆಮೇಲೆ ಬೆನ್ನು ತೋರಿಸಿ ಹೋಗುತ್ತದೆ. ಒಂದೇ ಬಂಡಿಯನ್ನು ಮೂರು ರೀತಿ ನೋಡಬಹುದು. ಐಸ್‌ಕ್ರೀಮ್ ಅಂಗಡಿ, ದೊಡ್ಡ ದೀಪದ ಕಂಬ, ಹೊಳೆಯುವ ಬೋರ್ಡು ಇರುವ ಕಡೆ ಬೇಡ. ಆ ಬೆಳಕು ಮೆರವಣಿಗೆಯ ಬೆಳಕನ್ನು ತಿನ್ನುತ್ತದೆ. ಅರ್ಧ ಗಂಟೆ ಮೊದಲೇ ಹೋಗಿ ಮುಂದಿನ ಸಾಲಿನಲ್ಲಿ ನೆಲದ ಮೇಲೆ ಒಂದು ಟವೆಲ್ ಹಾಸಿ ಮಗುವನ್ನು ಕೂರಿಸಿ. ದೊಡ್ಡವರಿಗೆ ಹಿಂದೆ ಬೆಂಚು ಅಥವಾ ಕಟ್ಟೆ ಇದ್ದರೆ ಇನ್ನೂ ಒಳ್ಳೆಯದು. ಮಗುವನ್ನು ಹೆಗಲ ಮೇಲೆ ಹೊತ್ತುಕೊಂಡರೆ ನಿಮ್ಮ ಮಗುವಿಗೆ ಕಾಣುತ್ತದೆ, ಹಿಂದೆ ನಿಂತ ಇನ್ನೊಬ್ಬರ ಮಗುವಿಗೆ ಕಾಣುವುದಿಲ್ಲ. ಇದನ್ನು ದಯವಿಟ್ಟು ನೆನಪಿಡಿ.

ದೊಡ್ಡ ಮಕ್ಕಳಿದ್ದರೆ ಲೆಕ್ಕ ಸ್ವಲ್ಪ ಬೇರೆ. ಎಲ್ಲರೂ ಪರೇಡಿನ ಕಡೆ ಹೋದಾಗ ಆಟಗಳ ಸಾಲು ತೆಳ್ಳಗಾಗುತ್ತದೆ. ಹದಿನಾಲ್ಕು ಹದಿನೈದರ ಹುಡುಗರು ದೀಪದ ಬಂಡಿಗಿಂತ ರೋಲರ್ ಕೋಸ್ಟರ್ ಇನ್ನೊಂದು ಸಲ ಹತ್ತುವುದೇ ಮೇಲು ಅನ್ನುತ್ತಾರೆ. ಬಿಟ್ಟುಬಿಡಿ, ಒತ್ತಾಯ ಮಾಡಬೇಡಿ.

ಖರ್ಚು ಮುಚ್ಚಿಡುವುದಿಲ್ಲ. ಈ ಪಟ್ಟಿಯಲ್ಲಿ ದುಡ್ಡು ಕೊಟ್ಟು ನೋಡಬೇಕಾದದ್ದು ಇದೊಂದೇ. ದೊಡ್ಡವರ ಟಿಕೆಟ್ ಸಾವಿರ ರೂಪಾಯಿಗಿಂತ ಜಾಸ್ತಿ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ಅವ್ವನ ಚಪಾತಿ ಪಲ್ಯದ ಡಬ್ಬಿ ಕಾರಿನಲ್ಲೇ ಉಳಿಯುತ್ತದೆ. ಬರೀ ಪರೇಡಿಗಾಗಿ ಇಷ್ಟು ಕೊಡುವುದು ಸರಿಯಲ್ಲ. ಇಡೀ ದಿನದ ಆಟಕ್ಕೆ ಕೊಟ್ಟು, ಕೊನೆಗೆ ಪರೇಡ್ ನೋಡಿ ಬರುವುದಾದರೆ ಸರಿ. ಡೊಂಬಿವಲಿ, ಠಾಣೆ ಕಡೆಯವರಿಗೆ ಖೋಪೋಲಿ ಲೋಕಲ್ ಇದೆ, ಸ್ಟೇಷನ್ನಿನಿಂದ ಆಟೋ ಹಿಡಿಯಬೇಕು. ವಾಪಸ್ ಲೋಕಲ್ ಎಷ್ಟು ಹೊತ್ತಿಗೆ ಅಂತ ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ. ಪುಣೆಯವರಿಗೆ ಆ ಅನುಕೂಲ ಇಲ್ಲ. ನಾವು ಕಾರು ಅಥವಾ ಬಸ್ಸಿನಲ್ಲೇ ಘಾಟ್ ಇಳಿಯಬೇಕು, ರಾತ್ರಿ ಮತ್ತೆ ಹತ್ತಬೇಕು.

ಇಂಥ ಪರೇಡ್ ಎಲ್ಲಿಂದ ಶುರುವಾಯಿತು ಅಂತ ಹುಡುಕಿದಾಗ ನನಗೆ ಒಂದು ಸಂಗತಿ ಬಹಳ ಹಿಡಿಸಿತು. ಅಮೆರಿಕದ ಡಿಸ್ನಿಲ್ಯಾಂಡಿನಲ್ಲಿ 'ಮೇನ್ ಸ್ಟ್ರೀಟ್ ಎಲೆಕ್ಟ್ರಿಕಲ್ ಪರೇಡ್' 1972ರ ಜೂನ್ 17ರಂದು ಮೊದಲ ಸಲ ಹೊರಟಿತು. ಬ್ಯಾಟರಿ ಮೇಲೆ ಓಡುವ ಬಂಡಿಗಳು, ಮೈತುಂಬ ಪುಟ್ಟ ಪುಟ್ಟ ಬಲ್ಬುಗಳು. ಅದು ಬರುವಾಗ ಬೀದಿಯ ದೀಪಗಳನ್ನು ಆರಿಸುತ್ತಿದ್ದರು. ಮತ್ತೆ ಕತ್ತಲು! ಆದರೆ ಅದಕ್ಕೂ ಮೊದಲು, 1971ರ ಅಕ್ಟೋಬರ್‌ನಲ್ಲಿ, ಫ್ಲಾರಿಡಾದ ಡಿಸ್ನಿ ವರ್ಲ್ಡಿನಲ್ಲಿ ದೀಪದ ಮೆರವಣಿಗೆ ಹೋಗಿದ್ದು ನೀರಿನ ಮೇಲೆ. ಕೆರೆಯಲ್ಲಿ ತೇಲುವ ತೆಪ್ಪಗಳಿಗೆ ದೀಪ ಕಟ್ಟಿ, ಒಂದರ ಹಿಂದೆ ಒಂದು ಸಾಗಿಸಿದ್ದರು. ಅದನ್ನು ನೋಡಿ ಬಂದ ಯೋಚನೆಯೇ ಮರುವರ್ಷ ಬೀದಿಗೆ ಇಳಿಯಿತು. ನಮ್ಮಲ್ಲಿ ತೆಪ್ಪೋತ್ಸವ ನೋಡಿದವರಿಗೆ ಇದು ಹೊಸದೇನಲ್ಲ. ಈ ನೀರಿನ ಮಾತನ್ನು ಆಮೇಲೆ ಮತ್ತೆ ತೆಗೆಯುತ್ತೇನೆ.

ಟೋಕಿಯೋ ಡಿಸ್ನಿಲ್ಯಾಂಡಿನ 'ಡ್ರೀಮ್‌ಲೈಟ್ಸ್' 2001ರಿಂದ ಬಂದದ್ದು. ಹೇಗೂ ಜಪಾನ್ ಪ್ರವಾಸ ಇದ್ದರೆ ಒಂದು ಸಂಜೆ ಅದಕ್ಕೆ ಇಡಿ. ಅದೊಂದಕ್ಕಾಗಿ ವಿಮಾನ ಹತ್ತುವುದು ಬೇಡ, ಏಕೆಂದರೆ ನಮ್ಮ ಪುಣೆಯ ಬೀದಿಯಲ್ಲೇ ಒಂದು ದೊಡ್ಡ ದೀಪದ ಮೆರವಣಿಗೆ ಇದೆ.

ಅನಂತ ಚತುರ್ದಶಿಯ ಗಣಪತಿ ವಿಸರ್ಜನೆ. ಬೆಳಿಗ್ಗೆ ಮಂಡಯಿಯಿಂದ ಕಸಬಾ ಗಣಪತಿ ಹೊರಡುತ್ತಾನೆ. ಹಿಂದೆ ತಾಂಬಡಿ ಜೋಗೇಶ್ವರಿ, ಗುರೂಜಿ ತಾಲೀಮ್, ತುಳಶಿಬಾಗ್, ಕೇಸರಿ ವಾಡಾ. ಇವು ಐದು 'ಮಾನಾಚೆ' ಗಣಪತಿಗಳು, ಗೌರವದ ಗಣಪತಿಗಳು. ಇವು ಹೋಗುವುದು ಹಗಲಿನಲ್ಲಿ, ಢೋಲ್ ತಾಶಾ ಜೊತೆಗೆ. ಇಡೀ ಮೆರವಣಿಗೆ ಮುಗಿಯಲು ಒಂದು ಹಗಲು ಒಂದು ರಾತ್ರಿ ಸಾಲುವುದಿಲ್ಲ, ಮರುದಿನಕ್ಕೂ ಹೋಗುತ್ತದೆ. ದೀಪದ ರಥಗಳು ಶುರುವಾಗುವುದು ಸಂಜೆ ಮೇಲೆ. ಮರಾಠಿಯಲ್ಲಿ ಅದನ್ನು ರೋಷಣಾಯಿ ಅನ್ನುತ್ತಾರೆ. ನಮ್ಮೂರಿನ ಮದುವೆ ಮನೆಯ ಸೀರಿಯಲ್ ಸೆಟ್ ನೆನಪಿಸಿಕೊಳ್ಳಿ. ಅದನ್ನೇ ಎರಡು ಮಹಡಿ ಎತ್ತರಕ್ಕೆ ಏರಿಸಿ, ಓಡುವ ನವಿಲು, ತಿರುಗುವ ಚಕ್ರ, ಅರಳುವ ಕಮಲ ಮಾಡಿದರೆ ಹೇಗಿರುತ್ತದೆ? ಹಾಗಿರುತ್ತದೆ.

ದಗಡೂಶೇಟ್ ಹಲವಾಯಿ ಗಣಪತಿಯ ರಥಕ್ಕಾಗಿಯೇ ಜನ ಕಾಯುತ್ತಾರೆ. ಮೊದಲೆಲ್ಲ ಅದು ತಡರಾತ್ರಿಗೆ ಬರುತ್ತಿತ್ತು, ವಿಸರ್ಜನೆ ಮರುದಿನ ಬೆಳಿಗ್ಗೆ. 2023ರಿಂದ ಸಂಜೆ 4ರ ಹೊತ್ತಿಗೇ ಮೆರವಣಿಗೆಗೆ ಸೇರತೊಡಗಿತು. ಮಕ್ಕಳಿರುವ ಮನೆಯವರಿಗೆ ಇದು ದೊಡ್ಡ ವರ. ಕತ್ತಲಾಗುವ ಹೊತ್ತಿಗೆ ರಥ ಅಲ್ಕಾ ಚೌಕದ ಕಡೆ ಬಂದಿರುತ್ತದೆ. ನೋಡಿಕೊಂಡು ಊಟದ ಹೊತ್ತಿಗೆ ಮನೆ ಸೇರಬಹುದು.

ಆದರೂ ಹೇಳುತ್ತೇನೆ, ಅವ್ವನಂಥವರನ್ನು ಲಕ್ಷ್ಮೀ ರಸ್ತೆಗೆ ಕರೆದುಕೊಂಡು ಹೋಗಬೇಡಿ. ನಾನು ಒಂದು ವರ್ಷ ಕರೆದುಕೊಂಡು ಹೋಗಿದ್ದೆ. ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಒಂದು ಮಂಡಳದ ಸ್ಪೀಕರುಗಳ ಗೋಡೆ ನಮ್ಮ ಎದುರಿಗೇ ಬಂದು ನಿಂತಿತು. ಅವ್ವ ಎರಡೂ ಕಿವಿ ಮುಚ್ಚಿಕೊಂಡು ಕಣ್ಣೂ ಮುಚ್ಚಿಕೊಂಡಳು. ಪಕ್ಕದ ಓಣಿಗೆ ಬಿದಿರಿನ ಅಡ್ಡಗಟ್ಟೆ ಹಾಕಿದ್ದರು, ಹೊರಗೆ ಹೋಗಲು ದಾರಿ ಇಲ್ಲ. ಕೊನೆಗೆ ಒಂದು ಹಳೆಯ ವಾಡಾದ ಅಜ್ಜಿ ನಮ್ಮನ್ನು ನೋಡಿ ಬಾಗಿಲು ತೆಗೆದರು. ಅವ್ವನನ್ನು ಮೆಟ್ಟಿಲ ಮೇಲೆ ಕೂರಿಸಿ ನೀರು ಕೊಟ್ಟರು. ಅವ್ವನಿಗೆ ಮರಾಠಿ ಬರುವುದಿಲ್ಲ, ಆ ಅಜ್ಜಿಗೆ ಕನ್ನಡ ಬರುವುದಿಲ್ಲ. ಇಬ್ಬರೂ ಒಂದು ಗಂಟೆ ಮಾತಾಡಿದರು. ಆ ವರ್ಷ ಅವ್ವ ನೋಡಿದ ಮೆರವಣಿಗೆ ಅಷ್ಟೇ.

ಹೋಗಲೇಬೇಕು ಅಂದರೆ ಡೆಕ್ಕನ್ ಕಡೆಯಿಂದ ಹೋಗಿ. ಮಂಡಯಿ ಮೆಟ್ರೋ ಸ್ಟೇಷನ್ ನಕ್ಷೆಯಲ್ಲಿ ಹತ್ತಿರ ಕಾಣುತ್ತದೆ, ಆದರೆ ಆ ದಿನ ಅದು ನೂಕುನುಗ್ಗಲಿನ ಬಾಯಿ. ಡೆಕ್ಕನ್ ಜಿಮ್ಖಾನಾ ಸ್ಟೇಷನ್ನಿನಲ್ಲಿ ಇಳಿದು ಲಕಡಿ ಪೂಲಿನ ಕಡೆ ನಡೆದು ಬಂದರೆ ಅಲ್ಕಾ ಚೌಕ ಎದುರಿಗೇ ಇದೆ. ಲಕ್ಷ್ಮೀ, ಕೇಳ್ಕರ್, ಕುಮಠೇಕರ್, ತಿಲಕ್ ರಸ್ತೆಗಳ ಮೆರವಣಿಗೆಗಳೆಲ್ಲ ಬಂದು ಕೂಡುವುದು ಅಲ್ಲಿಯೇ. ಬೇಡ ಅನ್ನಿಸಿದ ಕೂಡಲೇ ಬೆನ್ನು ತಿರುಗಿಸಿ ಬಂದ ದಾರಿಯಲ್ಲೇ ಹೊರಡಬಹುದು. ಮಗುವಿನ ಕಿವಿಗೆ ಹತ್ತಿ ಇಟ್ಟುಕೊಳ್ಳಿ. ಸ್ಪೀಕರಿಗೆ ರಾತ್ರಿ 12ರ ಗಡಿ ಇದೆ. ಅದು ದಾಟಿದ ಮೇಲೆ ರಥಗಳು ಹೆಚ್ಚುಕಡಿಮೆ ದೀಪ ಮಾತ್ರ ಹೊತ್ತು ಸಾಗುತ್ತವೆ. ನಿದ್ದೆಗೆಡಲು ಆಗುವ ಯುವಕರಿಗೆ ಅದೇ ಚಂದದ ಹೊತ್ತು. ಲೇಸರ್ ಬೆಳಕು ಮಾತ್ರ ಎಚ್ಚರ. ಕಣ್ಣಿಗೆ ಪೆಟ್ಟಾಗುತ್ತದೆ ಅಂತ ಪುಣೆ ಪೊಲೀಸರು 2024ರಲ್ಲಿ ಅದನ್ನು ನಿಷೇಧಿಸಿದ್ದರು. ಎಲ್ಲಾದರೂ ಕಂಡರೆ ಮಗುವಿನ ಮುಖವನ್ನು ಆಚೆ ತಿರುಗಿಸಿ.

ಅವ್ವನಿಗೆ ಪುಣೆಯ ದೀಪ ತೋರಿಸುವ ಬೇರೆ ದಾರಿ ಇದೆ. ವಿಸರ್ಜನೆಗೆ ಕೆಲವು ದಿನ ಮೊದಲು, ವಾರದ ದಿನ, ಸಂಜೆ ಏಳಕ್ಕೇ ಹೋಗಿ 'ದೇಖಾವೆ' ನೋಡಿ. ಮಂಡಳಗಳು ಕಟ್ಟಿದ ದೃಶ್ಯಗಳು ಅವು. ಅಲ್ಲಿ ಮೆರವಣಿಗೆ ನಿಂತಿರುತ್ತದೆ, ನಾವು ನಡೆಯುತ್ತೇವೆ. ಸುಸ್ತಾದರೆ ಎಲ್ಲಿ ಬೇಕಾದರೂ ಕೂರಬಹುದು, ಒಂದು ಚಹಾ ಕುಡಿಯಬಹುದು.

ಮುಂಬೈ ಬಗ್ಗೆ ಒಂದೇ ಮಾತು. ಅಲ್ಲಿನ 'ಲಾಲ್‌ಬಾಗಿನ ರಾಜ' ಅನ್ನುವ ಗಣಪತಿಯ ಮೆರವಣಿಗೆ ಭಕ್ತಿಗಾಗಿ ಹೋಗುವುದು, ದೀಪಕ್ಕಾಗಿ ಅಲ್ಲ. ಚಿಕ್ಕ ಮಕ್ಕಳ ಜೊತೆ ಖಂಡಿತ ಬೇಡ.

ಗೋವಾಕ್ಕೆ ಬರೋಣ. ಇಲ್ಲಿ ಆಯ್ಕೆ ಜಾಸ್ತಿ. ಕಾರ್ನಿವಲ್ ಶುರುವಾಗುವುದು ಹಗಲು ಬೆಳಕಿನಲ್ಲಿ, ಅದರ ರುಚಿ ಬಣ್ಣದಲ್ಲಿದೆ. ನರಕ ಚತುರ್ದಶಿಯ ಹಿಂದಿನ ರಾತ್ರಿಯ ನರಕಾಸುರನ ಬೊಂಬೆಗಳು ಭಾರೀ ಎತ್ತರ, ಭಾರೀ ಸದ್ದು. ಬೆಳಗಿನ ಜಾವ ಸುಡುತ್ತಾರೆ. ಆರು ವರ್ಷದವರಿಗೆ ಹೆದರಿಕೆ ಆಗಬಹುದು. ಹೋಳಿ ಕಾಲದ ಹಬ್ಬವಾದ ಶಿಗ್ಮೋದ ಚಿತ್ರರಥಗಳು ಮಾತ್ರ ನೋಡುವಂಥವು. ಫಾಲ್ಗುಣದಲ್ಲಿ, ಹೆಚ್ಚಾಗಿ ಮಾರ್ಚ್ ತಿಂಗಳಲ್ಲಿ, ಪಣಜಿ, ಮಡಗಾಂವ್, ಫೋಂಡಾ, ವಾಸ್ಕೋ, ಮಾಪುಸಾಗಳಲ್ಲಿ ಬೇರೆ ಬೇರೆ ದಿನ. ಮುಂದೆ ರೊಮ್ಟಾಮೇಳದ ಢೋಲು, ಬಾವುಟಗಳು, ಸೊಂಟಕ್ಕೆ ಕುದುರೆ ಕಟ್ಟಿಕೊಂಡು ಕುಣಿಯುವ ಘೋಡೆಮೋಡ್ನಿ. ಹಿಂದೆ ಪುರಾಣದ ಕಥೆಗಳ ರಥಗಳು. ನಮ್ಮ ಉತ್ತರ ಕನ್ನಡದ ಸುಗ್ಗಿ ಕುಣಿತ ನೋಡಿದವರಿಗೆ ಇದು ನೆಂಟರ ಮನೆಗೆ ಬಂದ ಹಾಗೆ. ರಸ್ತೆ ಬದಿ ಜಾಗ ಹಿಡಿದು ಕೂರಬಹುದು. ಒಂದೇ ತೊಂದರೆ ಸಮಯದ್ದು. ಸಂಜೆ ಅಂತ ಹೇಳಿದ್ದು ರಾತ್ರಿಯಾಗುತ್ತದೆ. ಚೆಂದದ ರಥ ಬರುವ ಹೊತ್ತಿಗೆ ಮಗು ಮಡಿಲಲ್ಲಿ ಮಲಗಿರುತ್ತದೆ. ಮಗುವನ್ನು ಮಧ್ಯಾಹ್ನವೇ ಒಂದು ನಿದ್ದೆ ಮಾಡಿಸಿ ಕರೆದುಕೊಂಡು ಬನ್ನಿ.

ನನ್ನ ಮನಸ್ಸು ಇರುವುದು ಸಾಂಖಳಿಯಲ್ಲಿ. ಕಾರ್ತಿಕ ಹುಣ್ಣಿಮೆಯ ರಾತ್ರಿ, ವಿಠ್ಠಲಾಪುರದ ವಿಠ್ಠಲನ ಗುಡಿ ಹತ್ತಿರ, ವಾಳವಂಟಿ ಹೊಳೆಯಲ್ಲಿ ದೋಣಿಗಳ ಮೆರವಣಿಗೆ. ಗೋವಾದವರು ಇದನ್ನು ತ್ರಿಪುರಾರಿ ಪೌರ್ಣಿಮೆ ಅನ್ನುತ್ತಾರೆ. ಕಲಾವಿದರು ಕೈಯಾರೆ ಮಾಡಿದ ದೋಣಿಗಳಿಗೆ ದೀಪ ಹಚ್ಚಿ ನೀರಿಗೆ ಬಿಡುತ್ತಾರೆ. ತ್ರಿಪುರಾಸುರ ವಧೆಯನ್ನೂ ಆಡಿ ತೋರಿಸುತ್ತಾರೆ. ನೀರು ಕಪ್ಪಗಿರುತ್ತದೆ. ಹಾಗಾಗಿ ಪ್ರತಿ ದೀಪವೂ ಎರಡಾಗಿ ಕಾಣುತ್ತದೆ, ಮೇಲೊಂದು, ಕೆಳಗೊಂದು. ದೋಣಿ ಅಲುಗಿದಾಗ ಕೆಳಗಿನ ದೀಪ ಉದ್ದಕ್ಕೆ ಎಳೆದುಕೊಂಡು ಮತ್ತೆ ಕೂಡುತ್ತದೆ. ಫ್ಲಾರಿಡಾದವರು 1971ರಲ್ಲಿ ಕೆರೆಯ ಮೇಲೆ ಯಾಕೆ ದೀಪ ತೇಲಿಸಿದರು ಅಂತ ನನಗೆ ಅಲ್ಲಿ ದಡದಲ್ಲಿ ನಿಂತಾಗ ಸರಿಯಾಗಿ ತಿಳಿಯಿತು.

ಅದೇ ಹುಣ್ಣಿಮೆ ನಮಗೆ ಗೌರಿ ಹುಣ್ಣಿಮೆ. ಧಾರವಾಡ ಕಡೆ ಹೆಣ್ಣುಮಕ್ಕಳು ಸಕ್ಕರೆ ಗೊಂಬೆಗಳನ್ನು ತಟ್ಟೆಯಲ್ಲಿಟ್ಟು, ದೀಪ ಹಚ್ಚಿ, ಗೌರಿಗೆ ಆರತಿ ಬೆಳಗಲು ಹೋಗುವ ಸಂಜೆ. ಚಿಕ್ಕವನಿದ್ದಾಗ ಅಕ್ಕನ ತಟ್ಟೆಯಿಂದ ಸಕ್ಕರೆಯ ಆನೆ ಸಿಗುತ್ತದೆ ಅಂತ ನಾನು ಅವಳ ಹಿಂದೆ ಹಿಂದೆ ಹೋಗುತ್ತಿದ್ದೆ. ಓಣಿಯಲ್ಲಿ ಸಾಲಾಗಿ ಹೋಗುವ ಆ ತಟ್ಟೆಗಳೇ ನಾನು ನೋಡಿದ ಮೊದಲ ದೀಪದ ಮೆರವಣಿಗೆ.

ಸಾಂಖಳಿಗೆ ಹೋಗುವುದು ನಮ್ಮವರಿಗೆ ಸುಲಭ. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಪಣಜಿಗೆ ಹೋಗುವ ದಾರಿಯಲ್ಲೇ ಅದು ಸಿಗುತ್ತದೆ. ಹಗಲಿನಲ್ಲೇ ಘಾಟ್ ಇಳಿಯಿರಿ. ಕಾರ್ಯಕ್ರಮ ತಡರಾತ್ರಿಯವರೆಗೂ ಇರುತ್ತದೆ, ಮುಗಿದ ಮೇಲೆ ಆ ತಿರುವುಗಳನ್ನು ಹತ್ತುವ ಸಾಹಸ ಬೇಡ. ಮಾಪುಸಾ ಅಥವಾ ಪಣಜಿಯಲ್ಲಿ ರೂಮ್ ಮಾಡಿಕೊಳ್ಳಿ. ಕತ್ತಲಾಗುವ ಮೊದಲೇ ಹೊಳೆಯ ದಡ ಸೇರಿ, ಅವ್ವನಿಗೆ ಮಡಚುವ ಕುರ್ಚಿ ಒಯ್ಯಿರಿ. ನೀರಿನ ಅಂಚು ಜಾರುತ್ತದೆ, ಮಗುವಿನ ಕೈ ಬಿಡಬೇಡಿ.

ಎಲ್ಲಿಗೆ ಹೋದರೂ ಫೋನಿನ ಫ್ಲ್ಯಾಶ್ ಆರಿಸಿ. ದೀಪವಿರುವ ಜಾಗವನ್ನು ಸ್ಕ್ರೀನಿನ ಮೇಲೆ ಒತ್ತಿ, ಬೆಳಕನ್ನು ಸ್ವಲ್ಪ ಕೆಳಗಿಳಿಸಿ ತೆಗೆದರೆ ಬಲ್ಬುಗಳು ಬಿಳಿ ಕಲೆಯಾಗದೆ ಬಣ್ಣದಲ್ಲೇ ಬರುತ್ತವೆ. ಎರಡು ಫೋಟೋ ತೆಗೆದು ಫೋನ್ ಜೇಬಿಗೆ ಹಾಕಿ. ಸ್ಕ್ರೀನ್ ನೋಡುತ್ತಾ ಇದ್ದರೆ ಕಣ್ಣು ಕತ್ತಲಿಗೆ ಹೊಂದಿಕೊಳ್ಳುವುದೇ ಇಲ್ಲ. ಅದಕ್ಕೆ ಇಪ್ಪತ್ತು ನಿಮಿಷವಾದರೂ ಬೇಕು.

ಅಕ್ಕನಿಗೆ ನಾನು ಹೇಳಿದ್ದು ಇಷ್ಟು. ಈ ಸಲ ಕಾರ್ತಿಕ ಹುಣ್ಣಿಮೆಗೆ ಅವ್ವನನ್ನು ಕರೆದುಕೊಂಡು ಬೆಳಗಾವಿ ಮೇಲಿಂದ ಸಾಂಖಳಿಗೆ ಇಳಿಯಿರಿ, ನಾನು ಪುಣೆಯಿಂದ ಬರುತ್ತೇನೆ. ಹುಡುಗನ ಇಮ್ಯಾಜಿಕಾ ಡಿಸೆಂಬರ್‌ಗೆ, ಮಂಗಳವಾರ ಅಥವಾ ಬುಧವಾರ, ಅವನೂ ನಾನೂ ಇಬ್ಬರೇ. ಅಕ್ಕ ಒಪ್ಪಿದಳು. ಅವ್ವ ಹಿಂದಿನಿಂದ ಕೇಳಿದ್ದು ಫೋನಿನಲ್ಲಿ ಕೇಳಿಸಿತು: "ಅಲ್ಲಿ ಸಕ್ಕರಿ ಗೊಂಬಿ ಒಯ್ಯಬಹುದೇನು?"

ಒಯ್ಯಬಹುದು ಅವ್ವಾ. ಒಂದು ಆನೆ ನನಗೂ ಇಡು.